ದೀಪಾವಳಿಗೆ ಮನೆಯ ದೀಪಾಲಂಕಾರವನ್ನು ಸಂಗೀತಕ್ಕೆ ಹೊಂದಿಸುವುದು: ಹಾಡುಗಳನ್ನು ಹೇಗೆ ಆರಿಸಬೇಕು?

ಪ್ರಶ್ನೆ: ವಿದ್ಯಾನಗರ ನಿವಾಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ವಿದ್ಯಾನಗರದಲ್ಲಿ ಎರಡಂತಸ್ತಿನ ಮನೆ. ಪ್ರತಿ ವರ್ಷ ಸೀರಿಯಲ್ ಸೆಟ್ ಇಳಿಬಿಟ್ಟು, ಬಾಗಿಲ ಮುಂದೆ ಆಕಾಶಬುಟ್ಟಿ ಕಟ್ಟುವುದು ರೂಢಿ. ಈ ಸಲ ನೀರು ತುಂಬುವ ಹಬ್ಬದಿಂದ ಬಲಿಪಾಡ್ಯಮಿಯವರೆಗೆ, ಸಂಗೀತಕ್ಕೆ ತಕ್ಕಂತೆ ಬೆಳಕು ಬದಲಾಗುವ ಅಲಂಕಾರ ಮಾಡಬೇಕೆಂದು ಮನೆಯವರೆಲ್ಲ ತೀರ್ಮಾನಿಸಿದ್ದೇವೆ. 12 ವೋಲ್ಟಿನ ಡಬ್ಲ್ಯೂಎಸ್2811 ಪಿಕ್ಸೆಲ್ ದೀಪಗಳು (ಒಂದೊಂದರ ಬಣ್ಣವನ್ನೂ ಬೇರೆ ಬೇರೆಯಾಗಿ ಬದಲಿಸಬಹುದಾದ ದೀಪಗಳು) ಸುಮಾರು 400 ಇವೆ. ಅವುಗಳನ್ನು ಟೆರೇಸಿನ ಪ್ಯಾರಪೆಟ್ ಗೋಡೆ, ಮುಂಭಾಗದ ಎರಡು ಕಿಟಕಿಗಳ ಚೌಕಟ್ಟು ಮತ್ತು ಪೋರ್ಟಿಕೊದ ಎರಡು ಕಂಬಗಳಿಗೆ ಹಂಚುತ್ತೇವೆ; ಆಕಾಶಬುಟ್ಟಿಯ ಒಳಗೂ ಕೆಲವನ್ನು ಇಡುತ್ತೇವೆ. ಕಾರ್ಯಕ್ರಮ ಜೋಡಿಸಲು ಎಕ್ಸ್‌ಲೈಟ್ಸ್ ಎಂಬ ಉಚಿತ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೇನೆ.

ವೈರಿಂಗ್ ಮತ್ತು ವಿದ್ಯುತ್ ಪೂರೈಕೆಯ ವಿಷಯ ತಿಳಿದಿದೆ. ಸಂಗೀತದ ವಿಷಯದಲ್ಲಿ ಮಾತ್ರ ದಾರಿ ಕಾಣುತ್ತಿಲ್ಲ. ತಂದೆಯವರಿಗೆ ವಚನ ಗಾಯನವೇ ಇರಬೇಕು, ತಂಗಿಗೆ ಡೊಳ್ಳು ಬೇಕು, ಮಕ್ಕಳಿಗೆ ಈಚಿನ ಸಿನಿಮಾ ಹಾಡುಗಳಿಲ್ಲದಿದ್ದರೆ ಹಬ್ಬವೇ ಅಲ್ಲ. ಒಟ್ಟು ಎಷ್ಟು ನಿಮಿಷದ ಸಂಗೀತ ಸಾಕು? ಹಾಡುಗಳನ್ನು ಪೂರ್ತಿ ಹಾಕಬೇಕೇ? ತಾಳವೇ ಇಲ್ಲದ ಆಲಾಪಕ್ಕೆ ಬೆಳಕನ್ನು ಹೊಂದಿಸಲು ಸಾಧ್ಯವೇ? ಇಷ್ಟೆಲ್ಲ ಶ್ರಮವಿಲ್ಲದೆ, ಮೈಕ್ ಇರುವ ಕಂಟ್ರೋಲರ್ ತಂದರೆ ಅದೇ ಸಂಗೀತವನ್ನು ಕೇಳಿ ದೀಪಗಳನ್ನು ಕುಣಿಸುತ್ತದೆ ಎಂದು ಅಂಗಡಿಯವರು ಹೇಳಿದರು. ಅದು ಸಾಕಾಗುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಕೆಳಗೋಟೆಯ ಓದುಗ, ಚಿತ್ರದುರ್ಗ

ನಮಸ್ಕಾರ. ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಇಂಥ ಅಲಂಕಾರ ನಡೆದಿರುವುದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ. ಹಾಡು ಜನರಿಗೆ ಎಷ್ಟು ಇಷ್ಟ ಎಂಬುದು ಆಮೇಲಿನ ಮಾತು. ಅದರೊಳಗೆ ಬದಲಾವಣೆಗಳು ಎಷ್ಟಿವೆ, ಅವು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತವೆ ಎಂಬುದನ್ನು ಮೊದಲು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಕ್ಷಣದಿಂದಲೇ ಎಲ್ಲ ವಾದ್ಯಗಳೂ ಮೊರೆಯುತ್ತ ಕೊನೆಯವರೆಗೂ ಹಾಗೆಯೇ ಸಾಗುವ ಹಾಡಿನಲ್ಲಿ ಬೆಳಕಿಗೆ ಏರಲು ಜಾಗವೇ ಉಳಿಯುವುದಿಲ್ಲ. ಅದೇ ಒಂದು ಕೊಳಲಿನಿಂದ ಶುರುವಾಗಿ, ಪಲ್ಲವಿಯಲ್ಲಿ ಧ್ವನಿ ಸೇರಿ, ನಡುವಿನ ಬಿಜಿಎಮ್ಮಿನಲ್ಲಿ, ಅಂದರೆ ಬರೀ ವಾದ್ಯಗಳ ಭಾಗದಲ್ಲಿ, ತಾಳವಾದ್ಯಗಳು ಏರಿ, ಚರಣಕ್ಕೆ ಮುನ್ನ ಒಂದು ಕ್ಷಣ ಎಲ್ಲವೂ ನಿಂತುಬಿಡುವ ಹಾಡು ಸಿಕ್ಕಿತೆಂದರೆ ಅರ್ಧ ಕೆಲಸ ಆದಂತೆಯೇ.

ಆದ್ದರಿಂದ ಕಂಪ್ಯೂಟರ್ ತೆರೆಯುವ ಮೊದಲು ಒಂದು ಹಾಳೆ ಇಟ್ಟುಕೊಂಡು ಪ್ರತಿ ಹಾಡನ್ನೂ ಕಣ್ಣು ಮುಚ್ಚಿ ಕೇಳಿರಿ. ಪಲ್ಲವಿ ಎಲ್ಲಿ ಆರಂಭವಾಗುತ್ತದೆ, ಹೊಸ ವಾದ್ಯ ಎಲ್ಲಿ ಸೇರುತ್ತದೆ, ಎಲ್ಲಿ ಮೌನವಿದೆ ಎಂಬುದನ್ನು ನಿಮಿಷ ಮತ್ತು ಸೆಕೆಂಡಿನೊಂದಿಗೆ ಗುರುತು ಹಾಕಿಕೊಳ್ಳಿರಿ. ಹಾಳೆಯ ಮೇಲೆ ಒಂದು ನಿಮಿಷದಷ್ಟು ಉದ್ದಕ್ಕೂ ಗುರುತು ಹಾಕುವಂಥದ್ದೇನೂ ಸಿಗದಿದ್ದರೆ, ಆ ಭಾಗದಲ್ಲಿ ದೀಪಗಳು ಮಾಡಿದ್ದನ್ನೇ ಮಾಡುತ್ತವೆ ಎಂದು ತಿಳಿಯಿರಿ. ಅಂಥ ಭಾಗವನ್ನು ಕತ್ತರಿಸಿಬಿಡಬಹುದು. ಐದು ನಿಮಿಷದ ಸಿನಿಮಾ ಹಾಡನ್ನು ಪಲ್ಲವಿ, ಒಂದು ಬಿಜಿಎಂ, ಒಂದು ಚರಣ ಮತ್ತು ಮತ್ತೆ ಪಲ್ಲವಿ ಎಂದು ಎರಡೂವರೆ ನಿಮಿಷಕ್ಕೆ ಇಳಿಸಿದರೆ ಬೀದಿಯಲ್ಲಿ ನಿಂತು ನೋಡುವವರಿಗೆ ಕೊರತೆಯೇನೂ ಅನಿಸುವುದಿಲ್ಲ. ಒಟ್ಟು ಹನ್ನೆರಡರಿಂದ ಹದಿನೈದು ನಿಮಿಷ ಸಾಕು. ಅದನ್ನೇ ಅರ್ಧ ಗಂಟೆಗೊಮ್ಮೆ ಮತ್ತೆ ಆರಂಭಿಸಿ, ನಡುವೆ ಸಂಗೀತವಿಲ್ಲದೆ ದೀಪಗಳು ಸ್ಥಿರವಾಗಿ ಉರಿಯುತ್ತಿರಲಿ.

ನಂತರ ಹಾಡಿನ ಅಂಗಗಳನ್ನು ಮನೆಯ ಅಂಗಗಳಿಗೆ ಹಂಚಬೇಕು. ನಿಮ್ಮ ಮನೆಯಲ್ಲಿ ಪ್ಯಾರಪೆಟ್, ಕಿಟಕಿ, ಕಂಬ, ಆಕಾಶಬುಟ್ಟಿ ಎಂದು ನಾಲ್ಕು ಭಾಗಗಳಿವೆ. ಗಾಯಕರ ಧ್ವನಿಗೆ ಆಕಾಶಬುಟ್ಟಿಯನ್ನು ಕೊಡಿ, ತಾಳವಾದ್ಯಕ್ಕೆ ಕಂಬಗಳನ್ನು ಕೊಡಿ, ಕೊಳಲು ಅಥವಾ ಪಿಟೀಲಿಗೆ ಪ್ಯಾರಪೆಟ್ ಮೇಲೆ ಹರಿಯುವ ಬೆಳಕಿರಲಿ. ಒಮ್ಮೆ ಹೀಗೆ ಗೊತ್ತುಮಾಡಿದ ಮೇಲೆ ಆ ಹಾಡು ಮುಗಿಯುವವರೆಗೂ ಬದಲಿಸಬೇಡಿ. ಧ್ವನಿ ಬಂದಾಗಲೆಲ್ಲ ಆಕಾಶಬುಟ್ಟಿ ಬೆಳಗುತ್ತದೆ ಎಂದು ನೋಡುವವರಿಗೆ ಮೊದಲ ಪಲ್ಲವಿಯಲ್ಲೇ ಗೊತ್ತಾದರೆ, ಚರಣ ಬರುವ ಹೊತ್ತಿಗೆ ಅವರು ಅದಕ್ಕಾಗಿಯೇ ಕಾಯುತ್ತಿರುತ್ತಾರೆ. ಎಲ್ಲ ದೀಪಗಳನ್ನೂ ಎಲ್ಲ ಹೊತ್ತಿನಲ್ಲಿಯೂ ಮಿನುಗಿಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಮುಕ್ಕಾಲು ಮನೆ ಕತ್ತಲಲ್ಲಿದ್ದಾಗ ಬೆಳಗುವ ಒಂದೇ ಕಿಟಕಿಗೆ ಇರುವ ಬಲ ಬೇರೆಯದೇ.

ಈಗ ತಮ್ಮ ತಂದೆಯವರ ವಚನಗಳ ಮಾತು. ಅವನ್ನು ದಯವಿಟ್ಟು ಕೈಬಿಡಬೇಡಿ. ಆಲಾಪಕ್ಕೆ ತಾಳವಿಲ್ಲದಿದ್ದರೂ ಉಸಿರಿದೆ. ಗಾಯಕರು ಒಂದು ಸಾಲನ್ನು ಎತ್ತಿಕೊಂಡಾಗ ಬೆಳಕು ಎರಡು ಮೂರು ಸೆಕೆಂಡುಗಳಲ್ಲಿ ನಿಧಾನವಾಗಿ ಏರಿ, ಸ್ವರ ನಿಂತಲ್ಲಿ ತಾನೂ ನಿಂತು, ಉಸಿರು ತೆಗೆದುಕೊಳ್ಳುವಾಗ ಇಳಿದರೆ ಅಷ್ಟೇ ಸಾಕು. ಬಣ್ಣಗಳೂ ಒಂದೆರಡಕ್ಕಿಂತ ಹೆಚ್ಚು ಬೇಡ. ವಚನದ ಕೊನೆಯಲ್ಲಿ ಅಂಕಿತ ಬರುತ್ತದೆಯಷ್ಟೆ. ಆ ಒಂದು ಪದಕ್ಕಾಗಿ ಇಡೀ ಮನೆಯನ್ನು ಉಳಿಸಿಕೊಂಡಿದ್ದು, ಅಂಕಿತ ಹಾಡಿದಾಗ ಮಾತ್ರ ಪ್ಯಾರಪೆಟ್ಟಿನಿಂದ ಕಂಬದವರೆಗೆ ಎಲ್ಲ ದೀಪಗಳೂ ದೀಪದೆಣ್ಣೆಯ ಹಳದಿಯಲ್ಲಿ ಸ್ಥಿರವಾಗಿ ಬೆಳಗುವಂತೆ ಮಾಡಿ ನೋಡಿ. ನಮ್ಮ ಬೀದಿಯಲ್ಲಿ ವಯಸ್ಸಾದವರು ಮತ್ತೊಮ್ಮೆ ಹಾಕಿರೆಂದು ಕೇಳಿದ್ದು ಇದನ್ನೇ.

ಡೊಳ್ಳಿನ ಸಮಸ್ಯೆ ಬೇರೆ. ಕುಣಿತ ರಂಗೇರಿದಂತೆ ಗತಿಯೂ ಏರುತ್ತದೆ, ಆದ್ದರಿಂದ ಆರಂಭದಲ್ಲಿ ಅಳೆದ ವೇಗವನ್ನೇ ಕೊನೆಯವರೆಗೂ ಎಣಿಸಿಕೊಂಡು ಹೋದರೆ ಬೆಳಕು ಹಿಂದೆ ಬೀಳುತ್ತದೆ. ಎಕ್ಸ್‌ಲೈಟ್ಸ್‌ನಲ್ಲಿ ಕ್ವೀನ್ ಮೇರಿ ಪ್ಲಗಿನ್ (ಹಾಡಿನ ಪೆಟ್ಟುಗಳನ್ನು ಗುರುತಿಸುವ, ಜೊತೆಗೆ ಸೇರಿಸಿಕೊಳ್ಳುವ ಕಿರು ತಂತ್ರಾಂಶ) ಬಳಸಿ ತಾಳದ ಗುರುತುಗಳನ್ನು ತಾನಾಗಿಯೇ ಹಾಕಿಸಬಹುದು. ನಾಲ್ಕು ಎಣಿಕೆಯ ಸಿನಿಮಾ ಹಾಡುಗಳಿಗೂ ಎಂಟು ಅಕ್ಷರದ ಆದಿತಾಳಕ್ಕೂ ಅದು ಬಹುಮಟ್ಟಿಗೆ ಒದಗುತ್ತದೆ. ಮಿಶ್ರಛಾಪು ಬಂದಾಗ ಮಾತ್ರ ಮೂರು ಮತ್ತು ನಾಲ್ಕು ಸೇರಿ ಏಳು ಅಕ್ಷರವಾಗುವುದರಿಂದ, ನಾಲ್ಕರ ಲೆಕ್ಕದಲ್ಲಿ ಹಾಕಿದ ಆವರ್ತದ ಗುರುತುಗಳು ಎರಡನೆಯ ಆವರ್ತಕ್ಕೇ ಜಾರುತ್ತವೆ. ಇಂಥ ಕಡೆ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಹಾಡನ್ನು ಓಡಿಸುತ್ತ, ಪ್ರತಿ ಪೆಟ್ಟಿಗೂ ಕಂಟ್ರೋಲ್ ಮತ್ತು ಎಂ ಕೀಲಿಗಳನ್ನು ಒತ್ತಿ ಕೈಯಿಂದಲೇ ಗುರುತು ಹಾಕಿ, ಆ ಪಟ್ಟಿಯನ್ನು ಎಕ್ಸ್‌ಲೈಟ್ಸ್‌ಗೆ ತಂದುಕೊಳ್ಳಬಹುದು. ತಾಳ ಹಾಕಬಲ್ಲವರು ಮನೆಯಲ್ಲಿದ್ದರೆ ಈ ಕೆಲಸವನ್ನು ಅವರಿಗೇ ಒಪ್ಪಿಸಿ.

ಉತ್ತರ: ಹದಡಿ ರಸ್ತೆ ತಂತ್ರಜ್ಞ, ದಾವಣಗೆರೆ

ಮೇಲಿನವರು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ನಾನು ಮೈಕ್ ಮತ್ತು ಕಡತದ ವಿಷಯವನ್ನಷ್ಟೇ ಸೇರಿಸುತ್ತೇನೆ.

ಮೈಕ್ ಇರುವ ಕಂಟ್ರೋಲರ್ ಶಬ್ದ ಬಂದ ಮೇಲೆ ಸ್ಪಂದಿಸುತ್ತದೆಯೇ ಹೊರತು, ಮುಂದೆ ಏನು ಬರಲಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಹೀಗಾಗಿ ಚರಣಕ್ಕೆ ಮುನ್ನ ಬೆಳಕನ್ನು ನಿಧಾನವಾಗಿ ಏರಿಸುವುದು, ಅಂಕಿತಕ್ಕಾಗಿ ದೀಪಗಳನ್ನು ಕಾಯಿಸಿಡುವುದು ಅದರಿಂದ ಆಗದ ಕೆಲಸ. ಅದಕ್ಕಿಂತ ಮುಖ್ಯವಾಗಿ, ದೀಪಾವಳಿಯ ರಾತ್ರಿ ಹೊರಗೆ ಇಟ್ಟ ಮೈಕಿಗೆ ನಿಮ್ಮ ಸಂಗೀತಕ್ಕಿಂತ ಬೀದಿಯ ಪಟಾಕಿಯೇ ಜೋರಾಗಿ ಕೇಳಿಸುತ್ತದೆ. ಪಕ್ಕದ ಮನೆಯವರು ಸರಪಟಾಕಿ ಹಚ್ಚಿದರೆ ನಿಮ್ಮ ಕಂಬಗಳು ಅದಕ್ಕೇ ಕುಣಿಯುತ್ತವೆ. ಆದ್ದರಿಂದ ಮೊದಲೇ ಜೋಡಿಸಿದ ಕಾರ್ಯಕ್ರಮವೇ ಸರಿ.

ಹಾಡನ್ನು ಕತ್ತರಿಸಿ, ಜೋಡಿಸಿ, ಎಲ್ಲ ಹಾಡುಗಳ ಧ್ವನಿಮಟ್ಟವನ್ನು ಒಂದೇ ಸಮ ಮಾಡಿದ ನಂತರವೇ ಬೆಳಕಿನ ಕೆಲಸ ಶುರುಮಾಡಿರಿ. ಹಳೆಯ ಧ್ವನಿಮುದ್ರಣದ ವಚನ ಮೆಲ್ಲಗಿದ್ದು, ಅದರ ಬೆನ್ನಿಗೇ ಸಿನಿಮಾ ಹಾಡು ಅಬ್ಬರಿಸಿದರೆ ಕೇಳುವವರಿಗೆ ಹಿಂಸೆ; ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ ಎಲ್ಲವನ್ನೂ ಒಂದೇ ಅಂಕಿಗೆ ತಂದರೆ ಈ ತೊಂದರೆ ಇಲ್ಲ. ಕೊನೆಯ ಕಡತವನ್ನು 44,100 ಹರ್ಟ್ಸ್, ಸ್ಥಿರ ಬಿಟ್‌ರೇಟಿನ ಎಂಪಿ3 ಆಗಿ ಉಳಿಸಿಕೊಳ್ಳಿ. ಎಂಪಿ3 ಮಾಡುವಾಗ ಆರಂಭದಲ್ಲಿ ಕಿರು ಮೌನವೊಂದು ಸೇರಿಕೊಳ್ಳಬಹುದಾದ್ದರಿಂದ, ಹಬ್ಬದ ದಿನ ನುಡಿಸುವ ಕಡತ ಯಾವುದೋ ಅದನ್ನೇ ಇಟ್ಟುಕೊಂಡು ತಾಳದ ಗುರುತುಗಳನ್ನು ಹಾಕಬೇಕು.

ಎಕ್ಸ್‌ಲೈಟ್ಸ್‌ನಲ್ಲಿ 25 ಮಿಲಿಸೆಕೆಂಡಿನ ಚೌಕಟ್ಟನ್ನು (ಫ್ರೇಮ್, ಅಂದರೆ ಬೆಳಕು ಒಮ್ಮೆ ಬದಲಾಗುವ ಅವಧಿ) ಆರಿಸಿಕೊಂಡರೆ ಸೆಕೆಂಡಿಗೆ 40 ಬಾರಿ ಬೆಳಕು ಬದಲಾಗಬಲ್ಲದು. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಎರಡು ಪೆಟ್ಟುಗಳ ನಡುವೆ 500 ಮಿಲಿಸೆಕೆಂಡು, ಅಂದರೆ ಸರಿಯಾಗಿ 20 ಚೌಕಟ್ಟು ಸಿಗುತ್ತವೆ. 90 ಪೆಟ್ಟಿನ ಹಾಡಿನಲ್ಲಿ ಸುಮಾರು 667 ಮಿಲಿಸೆಕೆಂಡು ಬರುವುದರಿಂದ ಲೆಕ್ಕ ಪೂರ್ಣಾಂಕಕ್ಕೆ ಕೂರುವುದಿಲ್ಲ. ಪ್ರತಿ 27 ಚೌಕಟ್ಟಿಗೊಂದು ಎಂದು ನಕಲು ಮಾಡುತ್ತ ಹೋದರೆ ಒಂದು ನಿಮಿಷದೊಳಗೆ ಮುಕ್ಕಾಲು ಸೆಕೆಂಡಿನಷ್ಟು ಹಿಂದೆ ಉಳಿಯುತ್ತೀರಿ. ಧ್ವನಿಯ ಅಲೆಯನ್ನೇ ನೋಡಿ ಗುರುತು ಹಾಕಬೇಕೆಂದು ಹೇಳುವುದು ಇದಕ್ಕೇ.

ಬ್ಲೂಟೂತ್ ಸ್ಪೀಕರನ್ನು ಮಾತ್ರ ಬಳಸಬೇಡಿ. ಅದರಲ್ಲಿ ಧ್ವನಿ ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಡೊಳ್ಳಿನ ಪೆಟ್ಟಿಗೆ ಅಷ್ಟು ತಡವಾದರೆ ದೀಪ ಮೊದಲು ಹತ್ತಿ, ಪೆಟ್ಟು ಆಮೇಲೆ ಕೇಳಿಸಿ, ಪಟ್ಟ ಶ್ರಮವೆಲ್ಲ ನೀರುಪಾಲಾಗುತ್ತದೆ. ತಂತಿಯ ಮೂಲಕವೇ ಆಂಪ್ಲಿಫೈಯರಿಗೆ ಕೊಡಿ. ಬೀದಿಯಲ್ಲಿ ಹತ್ತು ಮೀಟರ್ ದೂರ ನಿಂತವರಿಗೆ ಧ್ವನಿ ಸುಮಾರು 30 ಮಿಲಿಸೆಕೆಂಡು ತಡವಾಗಿ ತಲುಪುತ್ತದೆ, ಆದರೆ ಅದು ಗಮನಕ್ಕೆ ಬರುವಷ್ಟಲ್ಲ. ಹಬ್ಬದ ದಿನ ಲ್ಯಾಪ್‌ಟಾಪ್ ಹೊರಗಿಡುವ ಬದಲು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಫಾಲ್ಕನ್ ಪ್ಲೇಯರ್ ಎಂಬ ತಂತ್ರಾಂಶ ಹಾಕಿದರೆ ಬೆಳಕನ್ನೂ ಧ್ವನಿಯನ್ನೂ ಅದೇ ಒಟ್ಟಿಗೆ ನಡೆಸುತ್ತದೆ. ಪೈ 5ರಲ್ಲಿ ಸ್ಪೀಕರ್ ಚುಚ್ಚುವ ಕಿಂಡಿಯೇ ಇಲ್ಲದ ಕಾರಣ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ. ವಿದ್ಯುತ್ ಹೋಗಿ ಬಂದರೆ ಎಲ್ಲವೂ ಮೊದಲಿನಿಂದ ಶುರುವಾಗಬಾರದೆಂದಿದ್ದರೆ ಪೈಗೆ ಮಾತ್ರವಾದರೂ ಯುಪಿಎಸ್ ಸಂಪರ್ಕ ಕೊಡಿ.

ಉತ್ತರ: ಹಿರಿಯ ನಾಗರಿಕ, ಪಿ.ಜೆ. ಬಡಾವಣೆ, ದಾವಣಗೆರೆ

ಎಲ್ಲರೂ ಬೆಳಕಿನ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಎದುರು ಮನೆಯಲ್ಲಿ ಕುಳಿತು ಕೇಳಬೇಕಾದವರ ಪರವಾಗಿ ನಾನು ಎರಡು ಮಾತು ಹೇಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ವಾಸದ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಖಾಸಗಿ ಜಾಗದ ಧ್ವನಿವ್ಯವಸ್ಥೆಯ ಶಬ್ದವು ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಆಸ್ಪತ್ರೆ ಮತ್ತು ಶಿಕ್ಷಣ ಸಂಸ್ಥೆಗಳ ಸುತ್ತ 100 ಮೀಟರ್‌ವರೆಗೆ ನಿಶ್ಶಬ್ದ ವಲಯವಿರಬಹುದು, ಅದನ್ನೂ ನೋಡಿಕೊಳ್ಳಿ. ಒಂದು ದೊಡ್ಡ ಸ್ಪೀಕರನ್ನು ಟೆರೇಸಿನ ಮೇಲಿಟ್ಟರೆ ಇಡೀ ಬಡಾವಣೆಗೆ ಕೇಳಿಸುತ್ತದೆ. ಎರಡು ಚಿಕ್ಕ ಸ್ಪೀಕರುಗಳನ್ನು ಕಾಂಪೌಂಡಿನ ಒಳಗೆ ಎದೆಮಟ್ಟದಲ್ಲಿಟ್ಟು ಗೇಟಿನ ಮುಂದೆ ನಿಲ್ಲುವವರ ಕಡೆಗೆ ತಿರುಗಿಸಿದರೆ ಕೇಳಬೇಕಾದವರಿಗಷ್ಟೇ ಕೇಳಿಸುತ್ತದೆ.

ಹೊತ್ತಿನ ವಿಷಯದಲ್ಲಿಯೂ ಯೋಚಿಸಿ. ಅಮಾವಾಸ್ಯೆಯ ಸಂಜೆ ಅಂಗಡಿಗಳ ಲಕ್ಷ್ಮೀಪೂಜೆ ಮುಗಿಸಿ ಜನ ಮನೆಗೆ ಬರುವುದೇ ತಡ. ಅಂದು ಎಂಟರಿಂದ ಒಂಬತ್ತೂವರೆ, ಉಳಿದ ದಿನ ಏಳರಿಂದ ಎಂಟೂವರೆ ಇಟ್ಟುಕೊಂಡರೆ ಸರಿಹೋದೀತು. ದೀಪಗಳನ್ನು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಫ್ಲಾಷ್ ಮಾಡಬೇಡಿ. ಮೂರ್ಛೆರೋಗದ ಒಂದು ಬಗೆಯಲ್ಲಿ ಅಂಥ ಬೆಳಕು ಅಪಾಯಕಾರಿ, ಮತ್ತು ಬೀದಿಯಲ್ಲಿ ನಿಂತವರಲ್ಲಿ ಯಾರಿಗೆ ಆ ತೊಂದರೆಯಿದೆ ಎಂದು ನಮಗೆ ತಿಳಿಯುವುದಿಲ್ಲ. ಹಬ್ಬಕ್ಕೆ ಮುಂಚೆಯೇ ಅಕ್ಕಪಕ್ಕದವರನ್ನು ಕರೆದು ಒಮ್ಮೆ ತೋರಿಸಿ. ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಹಿರಿಯರು ಇರುವ ಮನೆಯವರು ಆಗಲೇ ಹೇಳುತ್ತಾರೆ.

ಪ್ರಶ್ನಿಸಿದವರು: ವಿದ್ಯಾನಗರ ನಿವಾಸಿ, ದಾವಣಗೆರೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೈಕಿನ ಆಲೋಚನೆಯನ್ನು ಬಿಟ್ಟೆವು. ಹಾಳೆಯ ಮೇಲೆ ಬರೆದು ನೋಡಿದಾಗ, ಮಕ್ಕಳು ಆರಿಸಿದ್ದ ಸಿನಿಮಾ ಹಾಡುಗಳಲ್ಲಿ ಎರಡಕ್ಕೆ ಮಾತ್ರ ಗುರುತುಗಳು ಧಾರಾಳವಾಗಿ ಸಿಕ್ಕವು. ಅವರೇ ಪೆನ್ಸಿಲ್ ಹಿಡಿದು ಬರೆದದ್ದರಿಂದ ಉಳಿದವನ್ನು ತಕರಾರಿಲ್ಲದೆ ಬಿಟ್ಟುಕೊಟ್ಟರು. ಆದಿತಾಳದ ಒಂದು ನಾದಸ್ವರ, ಎರಡು ಸಿನಿಮಾ ಹಾಡು, ಒಂದು ವಚನ, ಒಂದು ಡೊಳ್ಳು ಎಂದು ಸದ್ಯದ ಯೋಜನೆ. ಸ್ಪೀಕರುಗಳು ಕಾಂಪೌಂಡಿನ ಒಳಗೇ ಇರುತ್ತವೆ. ಒಂದೇ ಗೊಂದಲ ಉಳಿದಿದೆ: ವಚನವನ್ನು ಡೊಳ್ಳಿನ ನಂತರ ಕೊನೆಗಿಡಬೇಕೇ, ಅಥವಾ ಮೊದಲೇ ಬರಬೇಕೇ? ಕೊನೆಗಿಟ್ಟರೆ ಜನ ಅಷ್ಟರಲ್ಲಿ ಹೊರಟುಬಿಡುತ್ತಾರೆಂದು ತಂದೆಯವರಿಗೆ ಆತಂಕ.

ಉತ್ತರ: ಕೆಳಗೋಟೆಯ ಓದುಗ, ಚಿತ್ರದುರ್ಗ

ತಂದೆಯವರ ಆತಂಕ ಸರಿಯಾದುದೇ. ಡೊಳ್ಳು ಮುಗಿದ ಕೂಡಲೇ ಕಾರ್ಯಕ್ರಮ ಮುಗಿಯಿತೆಂದು ಜನ ಚದುರುತ್ತಾರೆ. ನಾದಸ್ವರದಿಂದ ಆರಂಭಿಸಿ, ಒಂದು ಸಿನಿಮಾ ಹಾಡು ಮುಗಿಸಿ, ನಡುವೆ ವಚನ ಇಡಿ. ವಚನಕ್ಕೆ ಮುನ್ನ ಐದಾರು ಸೆಕೆಂಡು ಆಕಾಶಬುಟ್ಟಿಯೊಂದನ್ನು ಬಿಟ್ಟು ಎಲ್ಲ ದೀಪಗಳನ್ನೂ ಆರಿಸಿದರೆ, ಮಾತಾಡುತ್ತಿದ್ದವರು ತಾವಾಗಿಯೇ ಸುಮ್ಮನಾಗುತ್ತಾರೆ. ಅಂಕಿತದ ಬೆಳಕು ಇಳಿದ ಮೇಲೆ ಎರಡನೆಯ ಸಿನಿಮಾ ಹಾಡು ಬರಲಿ, ಡೊಳ್ಳು ಕೊನೆಗಿರಲಿ. ಡೊಳ್ಳಿನ ಗುರುತುಗಳನ್ನು ಹಾಕಿದ ಮೇಲೆ ಕಡತವನ್ನು ಇಲ್ಲಿ ಹಂಚಿಕೊಂಡರೆ, ಗತಿ ಏರುವ ಜಾಗಗಳನ್ನು ನಾನೂ ಒಮ್ಮೆ ಕೇಳಿ ನೋಡುತ್ತೇನೆ.