ಓವನ್ ಆನ್ ಆಗ್ತಿಲ್ಲ, ಮುಟ್ಟಿದರೆ ಜುಮ್ ಅನ್ನುತ್ತೆ

ದಾವಣಗೆರೆಯಲ್ಲಿ ಮನೆಯಲ್ಲೇ ಕೇಕ್, ಬಿಸ್ಕತ್ತು ಮಾಡಿ ಮಾರುವವರ ಗುಂಪು ಇದು. ಇವತ್ತು ಸಂಜೆ ಓವನ್ ರಿಪೇರಿ ಮಾಡುವ ಅಣ್ಣ ನಮ್ಮ ಜೊತೆ ಇದ್ದಾರೆ. ಓವನ್‌ಗೆ ಕರೆಂಟೇ ಬರದಿದ್ದರೆ ಏನು ನೋಡಬೇಕು, ಕೇಳಿ. ಹೆಸರಿನ ಬದಲು ನಿಮ್ಮ ಬಡಾವಣೆ ಅಥವಾ ಊರು ಹಾಕಿ.

ವಿದ್ಯಾನಗರ: ಅಣ್ಣ, ನಮ್ಮದು ಓಟಿಜಿ, ಕಾಯಿಲ್‌ನಿಂದ ಬಿಸಿಯಾಗುವ ಓವನ್. ನಿನ್ನೆ ರಾತ್ರಿ ಚೆನ್ನಾಗಿತ್ತು. ಇವತ್ತು ದೀಪವೂ ಇಲ್ಲ, ಬಿಸಿಯೂ ಇಲ್ಲ.

ರಿಪೇರಿ ಅಣ್ಣ: ನಮಸ್ಕಾರ. ಮೊದಲು ಟೈಮರ್ ತಿರುಗಿಸಿ ನೋಡಿ. ಅದು ಸೊನ್ನೆಯಲ್ಲಿದ್ದರೆ ಓಟಿಜಿ ಬಿಸಿಯಾಗುವುದಿಲ್ಲ. ಎಷ್ಟೋ ಜನ ಇಷ್ಟಕ್ಕೇ ಆಟೋದಲ್ಲಿ ಓವನ್ ಹೊತ್ತು ತರುತ್ತಾರೆ. ಅದಲ್ಲ ಅಂದರೆ ಅದೇ ಸಾಕೆಟ್‌ಗೆ ಬೇರೆ ಏನಾದರೂ ಹಾಕಿ ನೋಡಿ. ಅದು ಓಡಿದರೆ ತೊಂದರೆ ಓವನ್‌ನಲ್ಲಿದೆ. ಓಡದಿದ್ದರೆ ಓವನ್ ಬಿಡಿ, ಬೋರ್ಡ್ ನೋಡಿಸಿ.

ವಿದ್ಯಾನಗರ: ಟೈಮರೇ ಅಣ್ಣ! ಮಗ ತಿರುಗಿಸಿಬಿಟ್ಟಿದ್ದ. ತುಂಬಾ ಥ್ಯಾಂಕ್ಸ್.

ಎಂಸಿಸಿ ಬಿ ಬ್ಲಾಕ್: ನಮ್ಮದು 2000 ವ್ಯಾಟ್. ಟಿವಿ ಹಾಕುವ ಸಣ್ಣ ಸಾಕೆಟ್‌ಗೆ ಅಡಾಪ್ಟರ್ ಹಾಕಿ ಓಡಿಸುತ್ತಿದ್ದೆವು. ಈಗ ಆನ್ ಆಗ್ತಿಲ್ಲ. ಅಡಾಪ್ಟರ್ ಕಂದು ಬಣ್ಣಕ್ಕೆ ತಿರುಗಿದೆ.

ರಿಪೇರಿ ಅಣ್ಣ: 2000 ವ್ಯಾಟ್ ಅಂದರೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್. ಆ ಸಾಕೆಟ್ ಇರುವುದು 6 ಆಂಪಿಯರ್‌ಗೆ. ಸುಟ್ಟಿರುವುದು ಅಲ್ಲೇ. 16 ಆಂಪಿಯರ್ ಸಾಕೆಟ್‌ಗೆ ದಪ್ಪ ವೈರಿನ ಬೇರೆ ಲೈನ್ ಎಳೆಸಿ. ಅಡಾಪ್ಟರ್ ಬಿಸಾಕಿ.

ನಿಟ್ಟುವಳ್ಳಿ: ಅಣ್ಣ, ನಮ್ಮ ಓವನ್ ಪೂರ್ತಿ ಸತ್ತಿದೆ. ಟೈಮರ್ ತಿರುಗಿಸಿದೆ, ಏನೂ ಇಲ್ಲ. ಅದೇ ಸಾಕೆಟ್‌ಗೆ ಮಿಕ್ಸಿ ಹಾಕಿದರೂ ಓಡಲ್ಲ. ಆದರೆ ಟೆಸ್ಟರ್ ಇಟ್ಟರೆ ದೀಪ ಉರಿಯುತ್ತೆ. ಇನ್ನೊಂದು ವಿಷಯ, ಓವನ್ ಮೈ ಮುಟ್ಟಿದರೆ ಕೈ ಜುಮ್ ಅನ್ನುತ್ತೆ. ಸ್ವಿಚ್ ಆಫ್ ಇದ್ದಾಗಲೂ.

ರಿಪೇರಿ ಅಣ್ಣ: ಓದಿದ ತಕ್ಷಣ ಮೇನ್ ಆಫ್ ಮಾಡಿ. ಆಮೇಲೆ ಪ್ಲಗ್ ಕಿತ್ತು ಇಡಿ. ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ. ಆಮೇಲೆ ಎರಡು ವಿಷಯ ಹೇಳಿ. ಟೆಸ್ಟರ್ ಉರಿದದ್ದು ಬಲಗಡೆ ತೂತಿನಲ್ಲಾ, ಎಡಗಡೆಯಲ್ಲಾ? ಪ್ಲಗ್‌ನ ಮೇಲಿನ ದಪ್ಪ ಪಿನ್ ಇದೆಯಾ?

ಶಾಮನೂರು: ನಮ್ಮ ಓವನ್ ಕೂಡ ಆನ್ ಆಗ್ತಿಲ್ಲ. ಏನಿರಬಹುದು?

ರಿಪೇರಿ ಅಣ್ಣ: ಟೈಮರ್. ಮೇಲೆ ಓದಿ.

ನಿಟ್ಟುವಳ್ಳಿ: ಮೇನ್ ಆಫ್ ಮಾಡಿದೆ. ಟೆಸ್ಟರ್ ಎಡಗಡೆ ಉರಿಯುತ್ತಿತ್ತು. ದಪ್ಪ ಪಿನ್ ಮುರಿದು ಆರು ತಿಂಗಳಾಯಿತು.

ರಿಪೇರಿ ಅಣ್ಣ: ಇದನ್ನು ಎಲ್ಲರೂ ನಿಧಾನವಾಗಿ ಓದಿ. ಮೂರು ತೂತಿನ ಸಾಕೆಟ್ ಎದುರು ನಿಂತರೆ ಫೇಸ್, ಅಂದರೆ ಕರೆಂಟ್ ತರುವ ವೈರ್, ಬಲಗಡೆ ಬರಬೇಕು. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಎಡಗಡೆ. ಸ್ವಿಚ್ ಆಫ್ ಮಾಡಿದರೆ ಫೇಸ್ ಕಡಿಯಬೇಕು. ಇವರ ಮನೆಯಲ್ಲಿ ವೈರ್ ಅದಲು ಬದಲಾಗಿದೆ. ಫೇಸ್ ನೇರವಾಗಿ ಎಡಗಡೆಗೆ ಬಂದಿದೆ, ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿದೆ. ಆ ಸ್ವಿಚ್ ಒಳಗೆ ಸುಟ್ಟಿರಬೇಕು, ಅದಕ್ಕೇ ಓವನ್ನೂ ಇಲ್ಲ, ಮಿಕ್ಸಿಯೂ ಇಲ್ಲ. ಸ್ವಿಚ್ ಆಫ್ ಮಾಡಿದರೂ ಓವನ್ ಒಳಗೆ 230 ವೋಲ್ಟ್ ಕೂತೇ ಇರುತ್ತದೆ.

ಇನ್ನು ಜುಮ್ ಅನ್ನುವುದು. ಕಾಯಿಲ್ ಕೊಳವೆಯ ಒಳಗೆ ಬಿಳಿ ಪುಡಿ ಇರುತ್ತದೆ, ಮೆಗ್ನೀಸಿಯಂ ಆಕ್ಸೈಡ್. ಅದು ತೇವ ಎಳೆದುಕೊಂಡರೆ ಕರೆಂಟ್ ಸ್ವಲ್ಪ ಸ್ವಲ್ಪ ಓವನ್ ಮೈಗೆ ಸೋರುತ್ತದೆ. ದಪ್ಪ ಪಿನ್ ಇದ್ದಿದ್ದರೆ ಅದು ಅರ್ತ್ ವೈರ್ ಹಿಡಿದು ನೆಲಕ್ಕೆ ಇಳಿಯುತ್ತಿತ್ತು. ಪಿನ್ ಇಲ್ಲ, ಹಾಗಾಗಿ ನಿಮ್ಮ ಕೈಯಿಂದ ಇಳಿಯುತ್ತಿದೆ. ಓವನ್ ಸತ್ತಿದೆ ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗುತ್ತೀರಿ, ಅಲ್ವಾ? ನನಗೆ ಭಯ ಅಲ್ಲೇ.

ಟೆಸ್ಟರ್ ಫೇಸ್ ಮಾತ್ರ ತೋರಿಸುತ್ತದೆ. ನ್ಯೂಟ್ರಲ್ ಕಡಿದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ನೋಡಲಿ. ಫೇಸ್-ಅರ್ತ್ ನಡುವೆ 230 ಬಂದು, ಫೇಸ್-ನ್ಯೂಟ್ರಲ್ ನಡುವೆ ಬರದಿದ್ದರೆ ನ್ಯೂಟ್ರಲ್ ಕಡಿದಿದೆ ಅಂತಲೇ ಅರ್ಥ.

ಪಿ.ಜೆ. ಬಡಾವಣೆ: ಅರ್ತ್ ಬಗ್ಗೆ ಸುಮ್ನೆ ಹೆದರಿಸಬೇಡಿ. ನಮ್ಮ ಹಳೇ ಮನೆಯಲ್ಲಿ ಅರ್ತೇ ಇಲ್ಲ. 25 ವರ್ಷ ಏನೂ ಆಗಿಲ್ಲ. ರಬ್ಬರ್ ಚಪ್ಪಲಿ ಹಾಕಿಕೊಂಡರೆ ಸಾಕು.

ಹರಿಹರ: ನಮ್ಮ ಚಿಕ್ಕಮ್ಮನೂ ಹಾಗೇ ಹೇಳುತ್ತಿದ್ದರು. ಗ್ರೈಂಡರ್ ಹಿಡಿದು ಬಿದ್ದರು. ಪಕ್ಕದಲ್ಲಿ ಮಾವ ಇದ್ದದ್ದಕ್ಕೆ ಉಳಿದರು.

ಪಿ.ಜೆ. ಬಡಾವಣೆ: ಅದು ಗ್ರೈಂಡರ್. ಇದು ಓವನ್. ನನಗೊಂದು ಫಾರ್ವರ್ಡ್ ಬಂದಿದೆ, ಕಳಿಸ್ತೀನಿ. "ಓವನ್ ಆನ್ ಆಗದಿದ್ದರೆ ಒಳಗಿನ ಥರ್ಮಲ್ ಫ್ಯೂಸ್ ತೆಗೆದು ಬೆಳ್ಳಿ ಹಾಳೆ ಸುತ್ತಿ ಜೋಡಿಸಿ, ರಿಪೇರಿ ಖರ್ಚು ಉಳಿಸಿ."

ರಿಪೇರಿ ಅಣ್ಣ: ಅದನ್ನು ಈಗಲೇ ಅಳಿಸಿ. ಮಿತಿ ಮೀರಿ ಬಿಸಿಯಾದರೆ ಕರೆಂಟ್ ಕಡಿಯುವುದಕ್ಕೇ ಆ ಫ್ಯೂಸ್ ಇರುವುದು. ಹಾಳೆ ಸುತ್ತಿದರೆ ಕಡಿಯುವವರು ಯಾರು? ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟ್ಯಾಟ್ ಅಂಟಿಕೊಂಡ ದಿನ ಅಡುಗೆಮನೆ ಉರಿಯುತ್ತದೆ. ಫಾರ್ವರ್ಡ್ ಬರೆದವನು ಬಂದು ಆರಿಸುವುದಿಲ್ಲ.

ಆಂಜನೇಯ ಬಡಾವಣೆ: ಮೈಕ್ರೋವೇವ್ ಆನ್ ಆಗ್ತಿಲ್ಲ. ವಿಡಿಯೋ ನೋಡಿ ನಾನೇ ಬಿಚ್ಚಲಾ?

ರಿಪೇರಿ ಅಣ್ಣ: ಬೇಡವೇ ಬೇಡ. ಒಳಗೆ ಸುಮಾರು 2000 ವೋಲ್ಟ್‌ನ ಕೆಪಾಸಿಟರ್ ಇದೆ. ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಜೀವ ತೆಗೆಯುತ್ತದೆ.

ಕೆ.ಟಿ.ಜೆ. ನಗರ: ಸೆಕೆಂಡ್ ಹ್ಯಾಂಡ್ ಓಟಿಜಿ ತಗೊಳ್ಳಬಹುದಾ ಅಣ್ಣ? ಎಷ್ಟು ಕೊಡಬಹುದು?

ಪಿ.ಜೆ. ಬಡಾವಣೆ: ಇವರು ರಿಪೇರಿಯವರು, ಹೆದರಿಸಿದರೇ ಕೆಲಸ ಸಿಗೋದು. ಬೆಣ್ಣೆ ದೋಸೆ ಊರು ಇದು, ಸೌದೆ ಒಲೆಯಲ್ಲಿ ಎಲ್ಲ ಆಗುತ್ತೆ.

ಹರಿಹರ: ಸೌದೆ ಒಲೆಯಲ್ಲಿ ನೀವು ಕೇಕ್ ಮಾಡಿ ಮಾರಿ ನೋಡೋಣ. ಅವರು ಒಂದು ರೂಪಾಯಿ ಕೇಳದೆ ಕೂತಿದ್ದಾರೆ. ಮರ್ಯಾದೆ ಕೊಟ್ಟು ಮಾತಾಡಿ.

ಪಿ.ಜೆ. ಬಡಾವಣೆ: ಮರ್ಯಾದೆ ನಿಮ್ಮಿಂದ ಕಲಿಯಬೇಕಿಲ್ಲ.

ಶಾಮನೂರು: ಟೈಮರ್ ತಿರುಗಿಸಿದೆ. ಆನ್ ಆಗ್ತಿಲ್ಲ.

ರಿಪೇರಿ ಅಣ್ಣ: ಬೇರೆ ಸಾಕೆಟ್.

ಸರಸ್ವತಿ ನಗರ: ಓವನ್ ಆನ್ ಆಗದಿದ್ದರೆ ಮೊದಲು ಏನು ನೋಡಬೇಕು?

ರಿಪೇರಿ ಅಣ್ಣ: ಮೇಲಿನಿಂದ ಓದಿಕೊಂಡು ಬನ್ನಿ. ಪಿ.ಜೆ. ಬಡಾವಣೆಯವರೇ, ನನಗೆ ನಿಮ್ಮ ಮನೆ ಕೆಲಸ ಬೇಡ. ಅರ್ತ್ ಹಾಕಿಸಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ, ಬೇರೆ ಯಾರ ಹತ್ತಿರವಾದರೂ ಸರಿ. ನಿಟ್ಟುವಳ್ಳಿಯವರು ಎಲ್ಲಿ? ಬೋರ್ಡ್ ಹೇಗಿದೆ ನೋಡಿದಿರಾ?

ನಿಟ್ಟುವಳ್ಳಿ: ಇಲ್ಲೇ ಇದ್ದೀನಿ ಅಣ್ಣ. ಟಾರ್ಚ್ ಹಾಕಿ ನೋಡಿದೆ. ಸ್ವಿಚ್ ಅಂಚು ಕಪ್ಪಾಗಿದೆ, ಸುಟ್ಟ ವಾಸನೆ ಬರ್ತಿದೆ. ಮನೆಯೆಲ್ಲ ಕತ್ತಲೆ, ಫ್ರಿಜ್ ಆದರೂ ಹಾಕಬಹುದಾ?

ರಿಪೇರಿ ಅಣ್ಣ: ಮೇನ್ ಬೋರ್ಡ್‌ನಲ್ಲಿ ಅಡುಗೆಮನೆ ಲೈನಿನ ಎಂಸಿಬಿ ಸ್ವಿಚ್ ಬೇರೆ ಇದ್ದರೆ ಅದೊಂದನ್ನು ಆಫ್ ಇಟ್ಟು ಉಳಿದದ್ದು ಹಾಕಿ. ಬೇರೆ ಇಲ್ಲದಿದ್ದರೆ ಇವತ್ತು ಕತ್ತಲೆಯಲ್ಲೇ ಇರಿ. ಬೆಳಿಗ್ಗೆ 9ಕ್ಕೆ ಮೀಟರ್ ತಗೊಂಡು ಬರ್ತೀನಿ. ಅಲ್ಲಿಯವರೆಗೆ ಆ ಬೋರ್ಡ್ ಯಾರೂ ಬಿಚ್ಚಬೇಡಿ.