ವರದಿಯಲ್ಲಿ 16 ಎಂದಿದೆ, ಮಗ ಫೇಲಾದನೇ?

ಪ್ರಶ್ನೆ, ತುಮಕೂರಿನಿಂದ:
ಮಗ ನಾಲ್ಕನೇ ತರಗತಿ. ಓದುವಾಗ ಅಕ್ಷರ ನುಂಗುತ್ತಾನೆ, ಒಂದು ಪುಟ ಬರೆಯುವಷ್ಟರಲ್ಲಿ ಸಂಜೆಯಾಗುತ್ತದೆ. ಶಿಕ್ಷಕಿಯ ಸಲಹೆಯಂತೆ ಮನಶ್ಶಾಸ್ತ್ರಜ್ಞರ ಬಳಿ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ಭಾಷಾ ಗ್ರಹಿಕೆ 112, ಕೆಲಸದ ವೇಗ 85, ಓದು 78, ಅಂಕಿಗಳನ್ನು ಕೇಳಿ ಮರಳಿ ಹೇಳುವುದು 7, ಗಮನದ ತೊಂದರೆ 65 ಎಂದಿದೆ. 85ರ ಪಕ್ಕದಲ್ಲಿ ‘ಪರ್ಸೆಂಟೈಲ್ 16’. ಅತ್ತೆಯವರು ಅದನ್ನು ನೂರಕ್ಕೆ ಹದಿನಾರು ಎಂದು ಓದಿಕೊಂಡು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಇಂಥ ವರದಿ ಕಂಡವರು ದಯವಿಟ್ಟು ತಿಳಿಸಿ.

ಮೂರು ವರ್ಷದ ಹಿಂದೆ ಮಗಳಿಗೆ ಮಾಡಿಸಿದ ತಾಯಿ:
ಮೊದಲು ಅತ್ತೆಯವರಿಗೆ ಊಟ ಬಡಿಸಿ, ತಂಗಿ. ಮೂವತ್ತೈದಕ್ಕೆ ಪಾಸು ಎಂಬ ಲೆಕ್ಕದಲ್ಲೇ ಬೆಳೆದವರು ನಾವು, ಅದೇ ಕಣ್ಣಿಗೆ ಅಡ್ಡ ಬರುತ್ತದೆ. ಅವನ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಹದಿನಾರು ಮಕ್ಕಳು ಅವನ ಹಿಂದಿರುತ್ತಾರೆ, ಅಷ್ಟೇ. ಮಗಳಿಗೆ ಒಂದು ಕಡೆ 9 ಬಂದಿದ್ದನ್ನು ಕಂಡು ನಾನು ಬಸ್ಸಿನಲ್ಲೇ ಅತ್ತಿದ್ದೆ. ಆ ಅಳತೆಯಲ್ಲಿ ಸರಾಸರಿಯೇ 10 ಎಂದು ಯಾರೂ ಹೇಳಿರಲಿಲ್ಲ.

ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ, ಧಾರವಾಡ:
ನಿಮ್ಮ ವರದಿಯಲ್ಲಿ ಮೂರು ಅಳತೆಗೋಲುಗಳು ಬೆರೆತಿವೆ ತಾಯಿ, ಗೊಂದಲ ಅಲ್ಲಿಂದಲೇ. 112, 85, 78 ಇರುವ ಕೋಲಿಗೆ ಸರಾಸರಿ 100, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿರುತ್ತವೆ ಎಂಬ ಅಳತೆ) 15. ಆ 7 ಇರುವ ಕೋಲಿಗೆ 10 ಮತ್ತು 3. 65 ಎನ್ನುವುದು ಟಿ ಅಂಕ. ಅದಕ್ಕೆ 50 ಮತ್ತು 10. ಅಂಕದಿಂದ ಸರಾಸರಿಯನ್ನು ಕಳೆದು ಮಾನಕ ವಿಚಲನೆಯಿಂದ ಭಾಗಿಸಿ. 85ಕ್ಕೆ −1, 7ಕ್ಕೂ −1. ನೋಡಲು ಆನೆ ಆಡಿನಷ್ಟು ಅಂತರ, ನಿಂತಿರುವುದು ಒಂದೇ ಜಾಗದಲ್ಲಿ. 112ಕ್ಕೆ +0.8, ಪರ್ಸೆಂಟೈಲ್ 79. ಓದಿನ 78ಕ್ಕೆ ಸುಮಾರು −1.5, ಪರ್ಸೆಂಟೈಲ್ 7.

ಇಂಥ ಅಂಕಗಳು ಘಂಟೆಯಾಕಾರದಲ್ಲಿ, ಅಂದರೆ ಪ್ರಸಾಮಾನ್ಯ ವಿತರಣೆಯಲ್ಲಿ ಹರಡುವಂತೆಯೇ ಈ ಅಳತೆಗಳನ್ನು ರೂಪಿಸಿರುತ್ತಾರೆ. ನಡುವೆ ಜಾತ್ರೆ, ಎರಡೂ ತುದಿಯಲ್ಲಿ ಒಬ್ಬಿಬ್ಬರು. ನೂರರಲ್ಲಿ ಸುಮಾರು 68 ಮಕ್ಕಳು 85 ಮತ್ತು 115ರ ನಡುವೆಯೇ ಇರುತ್ತಾರೆ. ಜನ ದಟ್ಟವಾಗಿರುವ ಕಡೆ ಒಂದು ಹೆಜ್ಜೆ ಇಟ್ಟರೂ ಬಹಳ ಮಂದಿಯನ್ನು ದಾಟುತ್ತೀರಿ: 100ರಿಂದ 115ಕ್ಕೆ ಹೋದರೆ ಪರ್ಸೆಂಟೈಲ್ 50ರಿಂದ 84. ಅಷ್ಟೇ ಉದ್ದದ ಇನ್ನೊಂದು ಹೆಜ್ಜೆ, 130ಕ್ಕೆ, ಬರೀ 98. ಆದ್ದರಿಂದ ಪರ್ಸೆಂಟೈಲ್‌ಗಳನ್ನು ಕೂಡಿಸಿ ಸರಾಸರಿ ತೆಗೆಯಬೇಡಿ.

ಒಬ್ಬ ತಂದೆ, ಮೈಸೂರು:
ಮೇಷ್ಟ್ರು ಬೇಡವೆಂದ ಆ ಸರಾಸರಿಯನ್ನು ನಾನು ತೆಗೆದಿದ್ದೆ, ಎಕ್ಸೆಲ್‌ನಲ್ಲಿ, ಬಣ್ಣ ಹಚ್ಚಿ! ಒಂದು ವರ್ಷ ಪಾಠ ಹೇಳಿಸಿದ ಮೇಲೆ ಮಗನ 85 ಹೋಗಿ 89 ಆಯಿತು. ಮನೆಯಲ್ಲಿ ಹೋಳಿಗೆ ಮಾಡಿದೆವು. ಮೊದಲ ವರದಿಯಲ್ಲೇ 85ರ ಕೆಳಗೆ ‘78–94’ ಎಂದು ಸಣ್ಣ ಅಕ್ಷರದಲ್ಲಿತ್ತು, ಅಂದರೆ ಅಳತೆಯಲ್ಲಿ ಹೆಚ್ಚುಕಮ್ಮಿಯಾಗುವುದರಿಂದ ನಿಜವಾದ ಅಂಕ ಇದರೊಳಗೆ ಎಲ್ಲಾದರೂ ಇರಬಹುದು ಎಂದು. 89 ಅದರೊಳಗೇ ಇದೆಯಲ್ಲ! ಹೋಳಿಗೆ ಮಾತ್ರ ಚೆನ್ನಾಗಿತ್ತು.

ವಿಶೇಷ ಶಿಕ್ಷಕಿ, ಬೆಂಗಳೂರು:
ಸರ್ ಹೇಳಿದ ಲೆಕ್ಕ ಸರಿ. ಆದರೆ ಗಮನದ 65ನ್ನು ಕಂಡು ಯಾರೂ ಹಿಗ್ಗಬಾರದು. ಅದು ತೊಂದರೆಯನ್ನು ಅಳೆಯುವ ಪಟ್ಟಿ, ಅಲ್ಲಿ ಮೇಲಕ್ಕೆ ಹೋದಷ್ಟೂ ಚಿಂತೆ. ನನ್ನ ಕಣ್ಣು ಮೊದಲು ಹೋಗಿದ್ದು 112 ಮತ್ತು 78ರ ನಡುವಿನ ಅಂತರಕ್ಕೆ: ಎರಡು ಮಾನಕ ವಿಚಲನೆಗಿಂತ ಹೆಚ್ಚು. ಅಳತೆಯ ತಪ್ಪಿನಿಂದಷ್ಟೇ ಇಷ್ಟು ಅಂತರ ಬರುವುದು ಕಷ್ಟ. ಹಾಗೆಂದು ಇದೊಂದರಿಂದಲೇ ಕಲಿಕಾ ನ್ಯೂನತೆ ಎಂದು ಚೀಟಿ ಅಂಟಿಸಲೂ ಆಗದು. ಎರಡು ಪರೀಕ್ಷೆಗಳನ್ನು ಬೇರೆ ಬೇರೆ ಮಕ್ಕಳ ಗುಂಪಿನ ಮೇಲೆ ಪ್ರಮಾಣೀಕರಿಸಿದ್ದರೆ, ಅಂದರೆ ಸರಾಸರಿಯನ್ನು ಬೇರೆ ಬೇರೆ ಗುಂಪಿನಿಂದ ತೆಗೆದಿದ್ದರೆ, ಹೋಲಿಕೆ ಅಷ್ಟಕ್ಕಷ್ಟೇ. ‘ನೂರು ಮಕ್ಕಳು’ ಎನ್ನುತ್ತೇವಲ್ಲ, ಯಾರ ಮಕ್ಕಳು, ಯಾವ ಕಾಲದ ಮಕ್ಕಳು ಎಂದು ಕೇಳಿ. ಇನ್ನೊಂದು ಮಾತು: ಓದಿನ ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು?

ಪ್ರಶ್ನೆ ಕೇಳಿದವರು:
ಇಂಗ್ಲಿಷಿನಲ್ಲಿ, ಮೇಡಂ. ಮೂರನೇ ತರಗತಿಯವರೆಗೆ ಅವನು ಕನ್ನಡ ಮಾಧ್ಯಮ. ಶನಿವಾರ ಮತ್ತೆ ಭೇಟಿಯಿದೆ, ಕನ್ನಡದಲ್ಲೂ ಓದಿಸಿ ನೋಡಿ ಎಂದು ಕೇಳುತ್ತೇನೆ. ಭಾಷೆಯ 112ಕ್ಕೆ 79 ಎಂದು ಅತ್ತೆಯವರಿಗೆ ವಿವರಿಸಿದೆ. ‘ಹಾಗಾದರೆ ಅವನ ಮುಂದೆ ಇಪ್ಪತ್ತೇ ಚಿಲ್ಲರೆ ಮಕ್ಕಳಾ?’ ಎಂದು ಕೇಳಿ, ತಟ್ಟೆ ಹಾಕಿಸಿಕೊಂಡರು.