ಜಾಕೆಟ್ ಬಿಸಿಡಿನಾ, ವಿಂಗಾ? (ಮೂಡಿಗೆರೆಯಿಂದ)

ತೋಟದವ:
ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ 14 ಸ್ಕೂಬಾ ಡೈವ್ ಆಗಿದೆ, ಎಲ್ಲಾ ಬಾಡಿಗೆ ಜಾಕೆಟ್ ಬಿಸಿಡಿಯಲ್ಲಿ (ನೀರಲ್ಲಿ ತೇಲೋದು, ಮುಳುಗೋದು ಹಿಡಿತದಲ್ಲಿಡೋಕೆ ಗಾಳಿ ತುಂಬೋ ಅಂಗಿ). ಕಳೆದ ಸಲ ಸಿಕ್ಕಿದ್ದು ಎಕ್ಸ್‌ಎಲ್, ನಾನು ಇರೋದೇ 58 ಕೆಜಿ. ಗಾಳಿ ತುಂಬಿದ ಕೂಡಲೇ ಜಾಕೆಟ್ ಕಿವಿವರೆಗೆ ಬಂತು, ನಾನು ಒಳಗೆ ಆಮೆ. ಸ್ವಂತದ್ದು ತಗೋಬೇಕು. ಕಾಫಿ ಕೊಯ್ಲು ಮುಗಿದ ಮೇಲೆ ಮಳೆ ಹಿಡಿಯೋ ತನಕ ಸಿಗೋ ಎರಡು ತಿಂಗಳಿಗೆ ಯಾವುದು ಸರಿ?

ಹಾಸನದ ಹಳಬ:
ಮಾರಾಯ್ರೆ, ಅದು ಅಳತೆಯ ತಪ್ಪು, ಜಾಕೆಟ್‌ನದಲ್ಲ. ಸರಿಯಾದ ಸೈಜಿನ ಜಾಕೆಟ್ ನೀರ ಮೇಲೆ ನೆಟ್ಟಗೆ ನಿಲ್ಲಿಸುತ್ತೆ, ದೋಣಿ ಕಾಯುವಾಗ ಆರಾಮ. ವಿಂಗ್‌ನಲ್ಲಿ ಗಾಳಿ ಪೂರಾ ಬೆನ್ನ ಹಿಂದೆ. ನೀರೊಳಗೆ ಮೀನಿನ ಹಾಗೆ ಅಡ್ಡ ಮಲಗಬಹುದು, ಕಾಲು ಇಳಿದು ಹವಳಕ್ಕೆ ಫಿನ್ ಬಡಿಯೋದು ಕಮ್ಮಿ. ಮೇಲೆ ಬಂದಾಗ ಅತಿಯಾಗಿ ಊದಿದರೆ ಮುಖ ಮುಂದಕ್ಕೆ ತಳ್ಳುತ್ತೆ, ಸ್ವಲ್ಪ ಹಿಂದಕ್ಕೆ ಒರಗಿ. ನಾನು ವಿಂಗ್‌ಗೆ ಹೋಗಿ ವಾಪಸ್ ಬರಲಿಲ್ಲ.

ಬೇಲೂರು ಬಬಲ್:
ವಿಂಗ್ ಕೂರಿಸೋ ಬೆನ್ನ ಪ್ಲೇಟ್ ಸ್ಟೀಲಿನದು ಹಾಕಿದರೆ, ಮುಳುಗೋಕೆ ಸೊಂಟಕ್ಕೆ ಕಟ್ಟೋ ಸೀಸ ಎರಡು ಕೆಜಿಯಾದರೂ ಇಳಿಯುತ್ತೆ. ಅಂಡಮಾನ್‌ಗೆ ವಿಮಾನದಲ್ಲಿ ಹೋಗೋದಾದರೆ ಹಗುರದ ಅಲ್ಯೂಮಿನಿಯಂ ಪ್ಲೇಟ್ ತಗೊಳ್ಳಿ. ಪಟ್ಟಿ ಎಳೆದು ನಿಮ್ಮ ಮೈಗೆ ಹೊಂದಿಸಬಹುದು, ಸಣ್ಣ ಆಳಿಗೆ ಅದೇ ಲಾಭ.

ತೋಟದವ:
ವಿಂಗೇ ಸೈ. ಆದರೆ ನಮ್ಮಲ್ಲಿ ಜೂನ್ ಬಂದರೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ, ಇದನ್ನ ಎಲ್ಲಿಡೋದು?

ಹಾಸನದ ಹಳಬ:
ವಿಂಗ್‌ನ ಗಾಳಿ ಚೀಲದೊಳಗೂ ಸಿಹಿನೀರು ಹಾಕಿ ಕುಲುಕಿ ಚೆಲ್ಲಿ. ನೆರಳಲ್ಲಿ ಒಣಗಿಸಿ, ಅರ್ಧ ಗಾಳಿ ತುಂಬಿ ತೂಗುಹಾಕಿ. ಒಲೆಯ ಮೇಲಿನ ಅಟ್ಟ ಮಾತ್ರ ಬೇಡ!